ಚಾಂಟ್‌ನಿಂದ ಫ್ಯೂಗ್‌ವರೆಗೆ: ಹಳೆಯ ಪಾಶ್ಚಾತ್ಯ ಸಂಗೀತದ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಪಿಯಾನೊ ಥಿಯರಿ ಪರೀಕ್ಷೆಗೆ ಅಂತ ಎರಡು ಪುಟದ ಪದಗಳ ಪಟ್ಟಿ ಬಂದಿತ್ತು. ಆರ್ಗನಮ್, ಮೋಟೆಟ್, ಕಂಟಿನ್ಯೂವೊ, ಫ್ಯೂಗ್, ಹೀಗೆ. ಅವಳು ಬಾಯಿಪಾಠ ಮಾಡಿ ಬರೆದು ಬಂದಳು, ಮರುವಾರಕ್ಕೆ ಮರೆತಳು. ಜೊತೆಗೆ ಕೂತು ಓದಿಸಿದ ನನಗೂ ಒಂದೂ ತಲೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಪ್ರತಿ ಪದಕ್ಕೂ 'ಇದು ಯಾರ ಯಾವ ತಲೆನೋವಿಗೆ ಹುಟ್ಟಿದ್ದು' ಅಂತ ಕೇಳುತ್ತಾ ಹೋದೆ. ಆಗ ಒಂದೊಂದಾಗಿ ನಿಂತವು. ಅಲ್ಲಲ್ಲಿ ಸರಿಗಮ ಹಿಡಿದು ಹೇಳಿದ್ದೇನೆ, ಯಾಕೆಂದರೆ ನನ್ನ ಕಿವಿ ಪಳಗಿದ್ದು ಅದರಲ್ಲೇ.

ಮಧ್ಯಯುಗ, ರಿನೈಸಾನ್ಸ್, ಬರೋಕ್: ಯಾವುದು ಎಲ್ಲಿಂದ ಎಲ್ಲಿವರೆಗೆ?

ಅಂದಾಜು ಲೆಕ್ಕ ಹೀಗಿದೆ. ಸುಮಾರು 500ರಿಂದ 1400ರ ಆಚೀಚೆವರೆಗೆ ಮಧ್ಯಯುಗ, ಅಲ್ಲಿಂದ 1600ರವರೆಗೆ ರಿನೈಸಾನ್ಸ್, 1600ರಿಂದ 1750ರವರೆಗೆ ಬರೋಕ್. 1600 ಯಾಕೆಂದರೆ ಆ ಹೊತ್ತಿಗೆ ಇಟಲಿಯಲ್ಲಿ ಒಪೆರಾ, ಅಂದರೆ ಹಾಡಿಯೇ ಆಡುವ ನಾಟಕ, ಶುರುವಾಯಿತು. 1750 ಯಾಕೆಂದರೆ ಆ ವರ್ಷ ಜುಲೈ 28ರಂದು ಲೈಪ್‌ಜಿಗ್‌ನಲ್ಲಿ ಜರ್ಮನಿಯ ಸಂಗೀತಗಾರ ಬಾಕ್ ತೀರಿಕೊಂಡ. ಇವೆಲ್ಲ ಆಮೇಲಿನವರು ಎಳೆದ ಗೆರೆಗಳು. 'ನಾನು ಬರೋಕ್ ಸಂಗೀತಗಾರ' ಅಂತ ಬಾಕ್ ಯಾವತ್ತೂ ಅಂದುಕೊಂಡಿರಲಿಲ್ಲ. ಅಸಲಿಗೆ ಬರೋಕ್ ಅನ್ನುವುದು ಬೈಗುಳವಾಗಿ ಶುರುವಾದ ಪದ. ಸೊಟ್ಟಗಿರುವ ಮುತ್ತಿಗೆ ಪೋರ್ಚುಗೀಸಿನಲ್ಲಿ 'ಬರ್ರೋಕೊ' ಅನ್ನುತ್ತಾರೆ. ವಿಪರೀತ ಅಲಂಕಾರ, ವಕ್ರ ಅನ್ನುವ ಅರ್ಥದಲ್ಲಿ 18ನೇ ಶತಮಾನದ ಟೀಕಾಕಾರರು ಅದನ್ನು ಬಳಸಿದರು.

ಕಾಲದ ಅಂದಾಜು ಬರಲಿ ಅಂತ ಒಂದು ಮಾತು. ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ ಅನ್ನುತ್ತಾರಲ್ಲ, ಆಗ ರೋಮ್‌ನಲ್ಲಿ ಚರ್ಚಿಗೆ ಸಂಗೀತ ಬರೆಯುತ್ತಿದ್ದ ಪಾಲೆಸ್ಟ್ರಿನಾಗೆ ಹೆಚ್ಚುಕಮ್ಮಿ 40 ವರ್ಷ.

ಗ್ರೆಗೋರಿಯನ್ ಚಾಂಟ್ ಬರೆದದ್ದು ಪೋಪ್ ಗ್ರೆಗರಿಯೇ?

ಅಲ್ಲ. ಚಾಂಟ್ ಅಂದರೆ ಚರ್ಚಿನಲ್ಲಿ ಪ್ರಾರ್ಥನೆಯನ್ನು ಹಾಡುವ ಹಳೆಯ ರೀತಿ. ಪಾರಿವಾಳದ ರೂಪದಲ್ಲಿ ಬಂದ ಪವಿತ್ರಾತ್ಮ ಅವನ ಕಿವಿಯಲ್ಲಿ ಹಾಡು ಉಸುರುತ್ತಿರುವ ಚಿತ್ರಗಳಿವೆ, ನೋಡಲು ಚೆಂದ. ಆದರೆ ಒಂದನೇ ಗ್ರೆಗರಿ ಪೋಪ್ ಆಗಿದ್ದದ್ದು 590ರಿಂದ 604ರವರೆಗೆ. ಇವತ್ತು ನಾವು ಕೇಳುವ ಚಾಂಟ್ ರೂಪುಗೊಂಡದ್ದು ಅದಕ್ಕಿಂತ ಎಷ್ಟೋ ಆಮೇಲೆ, 8–9ನೇ ಶತಮಾನದಲ್ಲಿ, ಷಾರ್ಲ್‌ಮೇನ್ ವಂಶದವರ ರಾಜ್ಯದಲ್ಲಿ. ತಮ್ಮ ರಾಜ್ಯದ ಎಲ್ಲ ಚರ್ಚುಗಳಲ್ಲೂ ಒಂದೇ ಥರ ಹಾಡಬೇಕು ಅನ್ನುವುದು ಆ ರಾಜರ ಹಟ. ರೋಮ್‌ನಿಂದ ಹಾಡು ತರಿಸಿದರು, ಅದು ಸ್ಥಳೀಯ ಹಾಡಿನ ಜೊತೆ ಬೆರೆಯಿತು. ಗ್ರೆಗರಿಯ ಹೆಸರು ಹಾಕಿದರೆ ಯಾರೂ ಎದುರು ಮಾತಾಡುವುದಿಲ್ಲ ಅಲ್ವಾ?

ಕೇಳುವಾಗ ಗಮನಿಸಬೇಕಾದ್ದು ಇಷ್ಟು: ಲ್ಯಾಟಿನ್ ಸಾಹಿತ್ಯ, ಎಲ್ಲರದೂ ಒಂದೇ ರಾಗರೇಖೆ, ತಾಳದ ಕಟ್ಟಿಲ್ಲ, ಪಕ್ಕವಾದ್ಯವಿಲ್ಲ. ಹೀಗೆ ಒಂದೇ ಎಳೆಯಲ್ಲಿ ಸಾಗುವುದಕ್ಕೆ ಮಾನೊಫನಿ ಅನ್ನುತ್ತಾರೆ.

ನ್ಯೂಮ್ ಅಂದರೆ?

ಸಾಹಿತ್ಯದ ಮೇಲೆ ಗೀಚಿದ ಸಣ್ಣ ಗುರುತುಗಳು. 9ನೇ ಶತಮಾನದಿಂದ ಸಿಗುತ್ತವೆ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದ ಹಳೆಯ ಹಸ್ತಪ್ರತಿಗಳಲ್ಲಿ ಇವು ಇರುವೆ ಸಾಲಿನ ಹಾಗೆ ಕಾಣುತ್ತವೆ. ಸ್ವರ ಮೇಲೆ ಹೋಯಿತೋ ಕೆಳಗೆ ಬಂತೋ ಅನ್ನುವುದನ್ನು ತೋರಿಸುತ್ತಿದ್ದವು. ಎಷ್ಟು ಮೇಲೆ ಅನ್ನುವುದನ್ನಲ್ಲ. ಹಾಡು ಮೊದಲೇ ಗೊತ್ತಿದ್ದವನಿಗೆ ಮಾತ್ರ ಉಪಯೋಗ. ನಾವು ಪಾಠದ ಪುಸ್ತಕದಲ್ಲಿ ಸ್ವರದ ಮೇಲೆ ಪೆನ್ಸಿಲಿನಿಂದ ಒಂದು ಅಲೆ ಎಳೆದುಕೊಳ್ಳುತ್ತೇವಲ್ಲ, ಹಾಗೆ.

ಹಾಗಾದರೆ ಡೊ ರೆ ಮಿ ಎಲ್ಲಿಂದ ಬಂತು? ನಮ್ಮ ಸರಿಗಮದ ನಕಲಂತೆ, ಹೌದಾ?

ವಾಟ್ಸಾಪ್‌ನಲ್ಲಿ ಇದು ನನಗೆ ಮೂರು ಸಲ ಬಂದಿದೆ. ನಕಲು ಅಂತ ಹೇಳಬೇಕಾದ ಅಗತ್ಯವೇ ಇಲ್ಲ, ಯಾಕೆಂದರೆ ಹುಟ್ಟಿದ ಜಾಗ ಕಣ್ಣ ಮುಂದೆಯೇ ಇದೆ.

ಇಟಲಿಯಲ್ಲಿ ಅರೆಟ್ಸೊ ಅನ್ನುವ ಊರು. ಅಲ್ಲಿ ಗ್ವಿಡೊ ಅನ್ನುವ ಸನ್ಯಾಸಿ ಚರ್ಚಿನ ಹುಡುಗರಿಗೆ ಹಾಡು ಕಲಿಸುತ್ತಿದ್ದ. ಕಾಲ 11ನೇ ಶತಮಾನದ ಮೊದಲ ಭಾಗ. ಅವನ ತಲೆನೋವು ಎಲ್ಲ ಮೇಷ್ಟ್ರ ತಲೆನೋವೇ. ಪ್ರತಿ ಹಾಡನ್ನೂ ಬಾಯಿಂದ ಬಾಯಿಗೆ ಕಲಿಸಬೇಕು, ವರ್ಷಗಟ್ಟಲೆ ಹಿಡಿಯುತ್ತದೆ, ಆದರೂ ಇಬ್ಬರು ಒಂದೇ ಥರ ಹಾಡುವುದಿಲ್ಲ. ಅವನು ಎರಡು ಕೆಲಸ ಮಾಡಿದ. ಒಂದು, ನ್ಯೂಮ್‌ಗಳನ್ನು ಗೆರೆಗಳ ಮೇಲೆ ಕೂರಿಸಿದ. ಒಂದು ಗೆರೆಗೆ ಕೆಂಪು, ಇನ್ನೊಂದಕ್ಕೆ ಹಳದಿ ಬಣ್ಣ. ಈಗ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವುದು ನೋಡಿದರೆ ತಿಳಿಯುತ್ತದೆ. ಇನ್ನೊಂದು, ಸ್ನಾನಿಕ ಯೋಹಾನನ ಮೇಲಿನ ಒಂದು ಲ್ಯಾಟಿನ್ ಸ್ತೋತ್ರವನ್ನು ಪಾಠಕ್ಕೆ ತಗೊಂಡ. ಅದರ ಮೊದಲ ಆರು ತುಣುಕುಗಳು ಒಂದೊಂದೂ ಹಿಂದಿನದಕ್ಕಿಂತ ಒಂದು ಸ್ವರ ಮೇಲೆ ಶುರುವಾಗುತ್ತವೆ. ಆ ತುಣುಕುಗಳ ಮೊದಲ ಅಕ್ಷರಗಳು ಉತ್, ರೆ, ಮಿ, ಫಾ, ಸೊಲ್, ಲಾ. ಸ್ತೋತ್ರ ಬಾಯಿಗೆ ಬಂದರೆ ಸ್ವರಸ್ಥಾನ ಕಿವಿಗೆ ಬಂತು. ಮುಂದೆ ಹೊಸ ಹಾಡು ಕಂಡರೆ, ಯಾವ ತುಣುಕಿನ ಶುರು ಇದು ಅಂತ ನೆನೆಸಿಕೊಂಡರೆ ಸಾಕು.

'ಉತ್' ಹಾಡಲು ಕಷ್ಟ ಅಂತ ಆಮೇಲೆ 'ಡೊ' ಆಯಿತು. 'ಸಿ' ಕೂಡ ತಡವಾಗಿ ಸೇರಿದ್ದು. ಅದು ಸ್ತೋತ್ರದ ಕೊನೆಯ ಎರಡು ಪದಗಳ ಮೊದಲ ಅಕ್ಷರಗಳಿಂದ ಬಂತು. ನಾವು ಹತ್ತು ವರ್ಷದಲ್ಲಿ ಕಷ್ಟಪಟ್ಟು ಕಲಿತದ್ದನ್ನು ಮುಂದಿನವರು ಒಂದು ವರ್ಷದಲ್ಲಿ, ಹೆಚ್ಚೆಂದರೆ ಎರಡರಲ್ಲಿ ಕಲಿಯುತ್ತಾರೆ ಅಂತ ಗ್ವಿಡೊ ಪತ್ರ ಬರೆದಿದ್ದಾನೆ. ಸ್ವಲ್ಪ ಜಂಬ, ಆದರೆ ಹಕ್ಕಿನ ಜಂಬ.

ಚರ್ಚ್ ಮೋಡ್ ಅಂದರೆ ರಾಗವೇ?

ರಾಗ ಅಲ್ಲ, ಮೇಳಕ್ಕೆ ಹತ್ತಿರ. ಕೀಬೋರ್ಡಿನ ಬಿಳಿ ಮನೆಗಳನ್ನು ಮಾತ್ರ ಬಳಸಿ ಬೇರೆ ಬೇರೆ ಸ್ವರದಿಂದ ಶುರು ಮಾಡಿದರೆ ಬೇರೆ ಬೇರೆ ಮೋಡ್ ಸಿಗುತ್ತದೆ. ನಮ್ಮ ಗ್ರಹಭೇದ ಇದೇ ತಾನೇ. ಡೋರಿಯನ್ ಅಂದರೆ ಖರಹರಪ್ರಿಯದ ಸ್ವರಗಳು, ಫ್ರಿಜಿಯನ್ ಅಂದರೆ ತೋಡಿ, ಲಿಡಿಯನ್ ಅಂದರೆ ಕಲ್ಯಾಣಿ, ಮಿಕ್ಸೊಲಿಡಿಯನ್ ಅಂದರೆ ಹರಿಕಾಂಭೋಜಿ. ಈ ನಾಲ್ಕಕ್ಕೂ ಎರಡೆರಡು ರೂಪ: ನಿಲುಗಡೆ ಸ್ವರದಿಂದ ಮೇಲಕ್ಕೆ ಹರಡಿಕೊಳ್ಳುವುದು ಒಂದು, ಅದರ ಎರಡೂ ಪಕ್ಕಕ್ಕೆ ಹರಡಿಕೊಳ್ಳುವುದು ಇನ್ನೊಂದು. ಒಟ್ಟು ಎಂಟು. ಈಗ ನಮಗೆ ಎಲ್ಲಕ್ಕಿಂತ ಪರಿಚಯವಾದ ಮೇಜರ್ ಸ್ಕೇಲ್, ಅಂದರೆ ಶಂಕರಾಭರಣ, ಆ ಪಟ್ಟಿಯಲ್ಲೇ ಇರಲಿಲ್ಲ! 1547ರಲ್ಲಿ ಗ್ಲಾರಿಯಾನಸ್ ಅನ್ನುವ ವಿದ್ವಾಂಸ ಅಯೋನಿಯನ್, ಅಯೋಲಿಯನ್ ಎರಡನ್ನು ಜೋಡಿಗಳ ಸಮೇತ ಸೇರಿಸಿ ಹನ್ನೆರಡು ಮಾಡಿದ. ಅಯೋಲಿಯನ್ ನಮ್ಮ ನಠಭೈರವಿ.

ಸ್ವರ ಒಂದೇ ಆದ ಮಾತ್ರಕ್ಕೆ ಹಾಡು ಒಂದೇ ಥರ ಕೇಳುವುದಿಲ್ಲ. ಚಾಂಟ್‌ನಲ್ಲಿ ತೋಡಿಯ ಗಾಂಧಾರ ಹುಡುಕಿದರೆ ನಿರಾಸೆಯಾಗುತ್ತದೆ, ನಾನು ಹುಡುಕಿ ನೋಡಿದ್ದೇನೆ.

ಪಾಲಿಫನಿ, ಆರ್ಗನಮ್: ಇಲ್ಲಿಂದಲೇ ನನಗೆ ಗೊಂದಲ ಶುರು. ಬಿಡಿಸಿ ಹೇಳುತ್ತೀರಾ?

ಎರಡು ಅಥವಾ ಹೆಚ್ಚು ರಾಗರೇಖೆಗಳು ಒಟ್ಟಿಗೆ ಸಾಗಿದರೆ ಪಾಲಿಫನಿ. ಚಾಂಟ್‌ನ ಜೊತೆ ಇನ್ನೊಂದು ದನಿ ಸೇರಿಸಿ ಹಾಡುವ ಅದರ ಹಳೆಯ ರೂಪ ಆರ್ಗನಮ್. 9ನೇ ಶತಮಾನದ ಒಂದು ಗ್ರಂಥದಲ್ಲಿ ಮೊದಲ ವಿವರಣೆ ಇದೆ. ಒಬ್ಬ ಸ ಹಾಡಿದರೆ ಇನ್ನೊಬ್ಬ ಪ ಅಥವಾ ಮ ಅಂತರದಲ್ಲಿ ನೆರಳಿನ ಹಾಗೆ ಹಿಂಬಾಲಿಸುವುದು, ಅಷ್ಟೇ.

ನಿಜವಾದ ಮಜಾ ಇರುವುದು ಪ್ಯಾರಿಸ್‌ನಲ್ಲಿ. 1163ರಲ್ಲಿ ನೋತ್ರ್ ದಾಮ್ ಚರ್ಚ್ ಕಟ್ಟಲು ಶುರು ಮಾಡಿದರು. ಅಲ್ಲಿನ ಸಂಗೀತಗಾರರು ಮೊದಲು ಲಿಯೊನಾನ್, ಆಮೇಲೆ ಪೆರೊಟಾನ್. ಹಳೆಯ ಚಾಂಟ್ ತಗೊಂಡು ಅದರ ಒಂದೊಂದು ಸ್ವರವನ್ನೂ ಕೆಳದನಿ ಎಳೆದು ಹಿಡಿಯಬೇಕು. ಮೇಲಿನ ದನಿಗಳು ಅದರ ಮೇಲೆ ಕುಣಿಯಬೇಕು. ಹಿಡಿದುಕೊಳ್ಳುವುದಕ್ಕೆ ಲ್ಯಾಟಿನ್‌ನಲ್ಲಿ 'ತೆನೆರೆ'. ಹಾಗಾಗಿ ಹಿಡಿಯುವವನು ಟೆನರ್. ಇವತ್ತು ಎತ್ತರದ ಗಂಡುದನಿಗೆ ಟೆನರ್ ಅಂತೀವಲ್ಲ, ಆ ಪದ ಹುಟ್ಟಿದ್ದು ಇಲ್ಲಿ.

ಪೆರೊಟಾನ್‌ನ 'ವಿಡೆರುಂಟ್ ಒಮ್ನೆಸ್' ಕೇಳಿ. ಸುಮಾರು 1198ರದ್ದು, ನಾಲ್ಕು ದನಿ. ಮೊದಲ ಅಕ್ಷರ 'ವಿ'. ಟೆನರ್ ಆ 'ವಿ' ಹಿಡಿದು ಕೂತರೆ ಎಷ್ಟು ಹೊತ್ತಾದರೂ ಬಿಡುವುದೇ ಇಲ್ಲ. ಮೇಲಿನ ಮೂವರು ಉದ್ದ-ಗಿಡ್ಡ, ಉದ್ದ-ಗಿಡ್ಡ ಅಂತ ಉಯ್ಯಾಲೆ ಆಡುತ್ತಾರೆ. ತಂಬೂರಿ ಕೇಳಿ ಬೆಳೆದವರಿಗೆ ಇದು ಸಲೀಸು. ಆದರೆ ಕಾದು ನೋಡಿ, ಇದ್ದಕ್ಕಿದ್ದ ಹಾಗೆ ಟೆನರ್ ಮುಂದಿನ ಸ್ವರಕ್ಕೆ ಸರಿಯುತ್ತಾನೆ. ತಂಬೂರಿಯೇ ಎದ್ದು ಜಾಗ ಬದಲಿಸಿದ ಹಾಗೆ. ನನಗೆ ಮೊದಲ ಸಲ ಮೈ ಜುಮ್ಮೆಂದಿತ್ತು, ಅಡುಗೆಮನೆಯಲ್ಲಿ ಒಗ್ಗರಣೆ ಸೀಯಿತು.

ಇದರಿಂದ ಹೊಸ ತಲೆನೋವೂ ಹುಟ್ಟಿತು. ನಾಲ್ಕು ಜನ ನಾಲ್ಕು ರೇಖೆ ಹಾಡುವಾಗ ಕಾಲ ಕೂಡದಿದ್ದರೆ ಗದ್ದಲ. ಅದಕ್ಕೇ ಉದ್ದ-ಗಿಡ್ಡದ ಆರು ಮಾದರಿಗಳನ್ನು ಮಾಡಿಕೊಂಡರು, ಅವೇ ರಿದಮಿಕ್ ಮೋಡ್‌ಗಳು. ಲಯವನ್ನು ಬರೆದಿಡುವ ಕೆಲಸಕ್ಕೆ ಅಡಿಪಾಯ ಬಿದ್ದದ್ದು ಹೀಗೆ.

ಮೋಟೆಟ್?

ಆ ಮೇಲಿನ ದನಿಗಳಿಗೆ ಬೇರೆ ಸಾಹಿತ್ಯ ಜೋಡಿಸಿದರು, ಮೋಟೆಟ್ ಆಯಿತು. ಫ್ರೆಂಚಿನಲ್ಲಿ 'ಮೋ' ಅಂದರೆ ಮಾತು. 13ನೇ ಶತಮಾನದ ಮೋಟೆಟ್‌ನಲ್ಲಿ ಕೆಳಗೆ ಲ್ಯಾಟಿನ್ ಚಾಂಟ್, ಮೇಲೆ ಒಬ್ಬ ಮರಿಯಮ್ಮನ ಸ್ತುತಿ, ಇನ್ನೊಬ್ಬ ಫ್ರೆಂಚಿನಲ್ಲಿ ಪ್ರೇಮಗೀತೆ, ಎಲ್ಲ ಒಟ್ಟಿಗೆ ಹಾಡುವುದೂ ಉಂಟು. ಹುಷಾರು, ರಿನೈಸಾನ್ಸ್‌ನಲ್ಲಿ ಇದೇ ಹೆಸರಿನ ಅರ್ಥ ಬದಲಾಗಿ, ಎಲ್ಲರೂ ಒಂದೇ ಲ್ಯಾಟಿನ್ ಪಠ್ಯ ಹಾಡುವ ಭಕ್ತಿಕೃತಿ ಆಗುತ್ತದೆ. ಪರೀಕ್ಷೆಯಲ್ಲಿ ಇಲ್ಲೇ ಮಾರ್ಕ್ಸ್ ಹೋಗುವುದು.

ಐಸೋರಿದಮ್ ಅನ್ನುವುದು ಲೆಕ್ಕದ ಆಟವಂತೆ?

ಹೌದು, ತಾಳ ಗೊತ್ತಿರುವವರಿಗೆ ಇದು ಐದು ನಿಮಿಷದ ಪಾಠ. 14ನೇ ಶತಮಾನದ ಫ್ರಾನ್ಸ್. ಲಯ ಬರೆಯುವ ಹೊಸ ವಿಧಾನಕ್ಕೆ ಆರ್ಸ್ ನೋವಾ, ಹೊಸ ಕಲೆ ಅಂತ ಹೆಸರು ಬಂತು. ಫಿಲಿಪ್ ದ ವಿತ್ರಿ ಇದರ ದೊಡ್ಡ ಹೆಸರು. ಈ ಸಂಗೀತಗಾರರು ಟೆನರ್ ದನಿಯಲ್ಲಿ ಲಯದ ಒಂದು ಮಾದರಿ ಮಾಡಿಕೊಂಡರು, ಅದು ಟಾಲಿಯಾ. ಸ್ವರಗಳ ಒಂದು ಸಾಲು ಮಾಡಿಕೊಂಡರು, ಅದು ಕಲರ್. ಎರಡೂ ಬೇರೆ ಬೇರೆ ಉದ್ದ, ಆದರೂ ಒಟ್ಟಿಗೆ ತಿರುಗುತ್ತವೆ, ಇದೇ ಐಸೋರಿದಮ್. ಟಾಲಿಯಾದಲ್ಲಿ 4 ಪೆಟ್ಟು, ಕಲರ್‌ನಲ್ಲಿ 6 ಸ್ವರ ಅಂತಿಟ್ಟುಕೊಳ್ಳಿ. ಎರಡೂ ಒಟ್ಟಿಗೆ ಶುರುವಾದರೆ ಮತ್ತೆ ಒಟ್ಟಿಗೆ ಬಂದು ನಿಲ್ಲುವುದು 12ನೇ ಸ್ವರ ಮುಗಿದ ಮೇಲೆ. ಅಷ್ಟರಲ್ಲಿ ಲಯ ಮೂರು ಸಲ ತಿರುಗಿರುತ್ತದೆ, ಸ್ವರಸಾಲು ಎರಡು ಸಲ. ತನಿ ಆವರ್ತನದಲ್ಲಿ ಮುಕ್ತಾಯಕ್ಕೆ ಬಂದು ಸೇರುವ ಲೆಕ್ಕ ಹಾಕುತ್ತಾ ಕೂರುವವರಿಗೆ ಈ ಸುಖ ಹೊಸದೇನಲ್ಲ.

ಕೇಳುವವರಿಗೆ ಆ ಲೆಕ್ಕ ಗೊತ್ತಾಗುತ್ತದಾ? ನನಗಂತೂ ಬರಿ ಕಿವಿಗೆ ಗೊತ್ತಾಗುವುದಿಲ್ಲ. ಹೊಸಬರು ಸ್ವರಗಳನ್ನು ತುಂಡು ಮಾಡಿ ಚಾಂಟನ್ನೇ ಮುಚ್ಚಿಹಾಕುತ್ತಿದ್ದಾರೆ ಅಂತ 22ನೇ ಜಾನ್ ಪೋಪ್ 1320ರ ದಶಕದಲ್ಲಿ ಆಜ್ಞೆಯನ್ನೇ ಹೊರಡಿಸಿದ. ಏನೂ ಪ್ರಯೋಜನವಾಗಲಿಲ್ಲ. 1377ರಲ್ಲಿ ತೀರಿಕೊಂಡ ಗಿಯೋಮ್ ದ ಮಾಶೋ ಚರ್ಚಿನ ಬಲಿಪೂಜೆಗೆ (ಮಾಸ್) ಸಂಗೀತ ಬರೆದಾಗ ಅದರ ಹಲವು ಭಾಗಗಳಲ್ಲಿ ಇದೇ ತಂತ್ರ ಬಳಸಿದ.

ಎಲ್ಲ ಚರ್ಚಿನದ್ದೇ ಆಯಿತಲ್ಲ, ಹೊರಗೆ ಯಾರೂ ಹಾಡುತ್ತಿರಲಿಲ್ಲವೇ? ಹೆಂಗಸರು?

ಹಾಡುತ್ತಿದ್ದರು, ಬರೆದಿಟ್ಟವರು ಕಡಿಮೆ. ಪೆನ್ನು ಇದ್ದದ್ದು ಮಠಗಳ ಕೈಯಲ್ಲಿ. ಆದರೂ ದಕ್ಷಿಣ ಫ್ರಾನ್ಸಿನಲ್ಲಿ ಆಕ್ಸಿಟನ್ ಭಾಷೆಯಲ್ಲಿ ಹಾಡು ಕಟ್ಟಿದ ಟ್ರೂಬಡೂರ್‌ಗಳು, ಉತ್ತರದ ಟ್ರೂವೇರ್‌ಗಳು ಬೇಕಾದಷ್ಟು ಜನ ಇದ್ದರು. ದಿಯಾ ಅನ್ನುವ ಊರಿನ ಕೌಂಟೆಸ್ ಒಬ್ಬಳ ಪ್ರೇಮದ ದೂರು ರಾಗದ ಸಮೇತ ಉಳಿದಿದೆ. ಮಠದೊಳಗೇ ಇದ್ದ ಜರ್ಮನಿಯ ಹಿಲ್ಡೆಗಾರ್ಡ್ (1098–1179) ಬರೆದ ಚಾಂಟ್‌ಗಳು ಬೇರೆಯವರಿಗಿಂತ ಎಷ್ಟೋ ಎತ್ತರಕ್ಕೆ ಹಾರುತ್ತವೆ. ಅವಳು ಒಂದು ಸಂಗೀತ ನಾಟಕವನ್ನೂ ಬರೆದಿದ್ದಾಳೆ. ಅದರಲ್ಲಿ ಎಲ್ಲರೂ ಹಾಡುತ್ತಾರೆ, ಸೈತಾನ ಮಾತ್ರ ಹಾಡುವುದಿಲ್ಲ, ಬರೀ ಅರಚುತ್ತಾನೆ. ಸಂಗೀತ ಅವನಿಗೆ ದಕ್ಕುವುದಿಲ್ಲ ಅಂತ.

ಮಾಸ್ ಅಂದರೆ ಪ್ರಾರ್ಥನೆಯೋ ಸಂಗೀತವೋ? ಕ್ಯಾಂಟಸ್ ಫರ್ಮಸ್ ಅಂದರೇನು?

ಮಾಸ್ ಅಂದರೆ ಕ್ಯಾಥೊಲಿಕರ ಬಲಿಪೂಜೆ. ಅದರಲ್ಲಿ ದಿನಕ್ಕೆ ತಕ್ಕ ಹಾಗೆ ಬದಲಾಗುವ ಭಾಗಗಳಿವೆ, ಪಠ್ಯ ಬದಲಾಗದ ಐದು ಭಾಗಗಳಿವೆ: ಕಿರಿಯೆ, ಗ್ಲೋರಿಯಾ, ಕ್ರೆಡೊ, ಸಾಂಕ್ಟುಸ್, ಆಗ್ನುಸ್ ದೇಯಿ. ಸಂಗೀತಗಾರ 'ಮಾಸ್ ಬರೆದ' ಅಂದರೆ ಈ ಐದಕ್ಕೆ ಸಂಗೀತ ಕೂರಿಸಿದ ಅಂತ.

ಐದು ಬೇರೆ ಬೇರೆ ಭಾಗ, ನಡುವೆ ಪಾದ್ರಿಯ ಮಾತು, ಮಂತ್ರ. ಇಷ್ಟನ್ನೂ ಒಂದೇ ಕೃತಿ ಅನ್ನಿಸುವ ಹಾಗೆ ಹೊಲಿಯುವುದು ಹೇಗೆ? ಎಲ್ಲದರ ಒಳಗೂ ಒಂದೇ ಹಳೆಯ ಹಾಡನ್ನು ದಾರದ ಹಾಗೆ ಓಡಿಸಿದರು. ಆ ದಾರವೇ ಕ್ಯಾಂಟಸ್ ಫರ್ಮಸ್. ತಮಾಷೆ ಏನೆಂದರೆ ಆ ಹಾಡು ಭಕ್ತಿಗೀತೆಯೇ ಆಗಬೇಕಿರಲಿಲ್ಲ. ಆಯುಧ ಹಿಡಿದವನು ಬಂದ, ಹುಷಾರು ಅನ್ನುವ ಅರ್ಥದ 'ಲೊಮ್ ಆರ್ಮೆ' ಅನ್ನುವ ಬೀದಿ ಹಾಡನ್ನು ಇಟ್ಟುಕೊಂಡು ದ್ಯುಫೈ, ಜೋಸ್ಕಾನ್, ಪಾಲೆಸ್ಟ್ರಿನಾ ಎಲ್ಲರೂ ಮಾಸ್ ಬರೆದಿದ್ದಾರೆ. ಅಂಥವು 40ಕ್ಕೂ ಹೆಚ್ಚಿವೆ.

ರಿನೈಸಾನ್ಸ್ ಸಂಗೀತ ಕೇಳಿದ ತಕ್ಷಣ ಗುರುತು ಹಿಡಿಯುವುದು ಹೇಗೆ?

ಒಬ್ಬ ಒಂದು ಸಣ್ಣ ಸಾಲು ಹಾಡುತ್ತಾನೆ, ಅದು ಮುಗಿಯುವ ಮೊದಲೇ ಇನ್ನೊಬ್ಬ ಅದೇ ಸಾಲು ಹಿಡಿದು ಬರುತ್ತಾನೆ, ಆಮೇಲೆ ಮೂರನೆಯವನು. ಇದಕ್ಕೆ ಇಮಿಟೇಶನ್ ಅನ್ನುತ್ತಾರೆ. ಜೋಸ್ಕಾನ್‌ನ 'ಆವೆ ಮರಿಯಾ' ಶುರುವಾಗುವುದೇ ಹೀಗೆ, ಮೇಲಿನ ದನಿಯಿಂದ ಒಂದೊಂದೇ ಮೆಟ್ಟಿಲು ಇಳಿದು ಬಂದ ಹಾಗೆ. ಯಾವ ದನಿಯೂ ಹೆಚ್ಚಲ್ಲ, ಯಾವುದೂ ಕಮ್ಮಿಯಲ್ಲ. 1501ರಲ್ಲಿ ವೆನಿಸ್‌ನ ಪೆಟ್ರುಚ್ಚಿ ಬಹುದನಿ ಸಂಗೀತವನ್ನು ಅಚ್ಚುಮೊಳೆಯಲ್ಲಿ ಮುದ್ರಿಸಿ ಮಾರಲು ಶುರು ಮಾಡಿದ ಮೇಲೆ ಈ ಶೈಲಿ ಊರೂರಿಗೆ ಹರಡಿತು.

ವಾದ್ಯವಿಲ್ಲದೆ ಹಾಡುವುದಕ್ಕೆ 'ಆ ಕಪೆಲ್ಲಾ' ಅನ್ನುತ್ತೇವಲ್ಲ, ಅದರ ಅರ್ಥ 'ಪ್ರಾರ್ಥನಾ ಮಂದಿರದ ರೀತಿಯಲ್ಲಿ' ಅಂತ, ಅಷ್ಟೇ.

ಪಾಲೆಸ್ಟ್ರಿನಾ ಚರ್ಚ್ ಸಂಗೀತವನ್ನು ನಿಷೇಧದಿಂದ ಉಳಿಸಿದ ಕಥೆ ನಿಜವೇ?

ಕಥೆ ಚೆನ್ನಾಗಿದೆ, ಆದರೆ ಕಥೆ. ಟ್ರೆಂಟ್ ಅನ್ನುವ ಊರಿನಲ್ಲಿ ಕ್ಯಾಥೊಲಿಕರ ಧರ್ಮಸಭೆ (1545–1563) ಸೇರಿದ್ದಾಗ, ಪಾಲಿಫನಿಯಲ್ಲಿ ಸಾಹಿತ್ಯವೇ ಕೇಳುವುದಿಲ್ಲ ಅನ್ನುವ ದೂರು ನಿಜವಾಗಿಯೂ ಇತ್ತು. ಪಾಲೆಸ್ಟ್ರಿನಾ ಒಂದು ಮಾಸ್ ಹಾಡಿಸಿ ಎಲ್ಲರ ಬಾಯಿ ಮುಚ್ಚಿಸಿದ ಅನ್ನುವುದು ಆಮೇಲೆ ಬೆಳೆದದ್ದು. ಆ ಮಾಸ್‌ಗೆ ಹೆಸರು ಕೊಟ್ಟ ಎರಡನೇ ಮಾರ್ಸೆಲಸ್ ಪೋಪ್ 1555ರಲ್ಲಿ ಪಟ್ಟದಲ್ಲಿದ್ದದ್ದು ಬರೀ ಮೂರು ವಾರ. ಆದರೆ ಅದರ ಗ್ಲೋರಿಯಾ, ಕ್ರೆಡೊ ಕೇಳಿ ನೋಡಿ, ಆರು ದನಿ ಇದ್ದರೂ ಮಾತು ಸ್ಪಷ್ಟ.

ಮ್ಯಾಡ್ರಿಗಲ್?

ಇಟಲಿಯಲ್ಲಿ 16ನೇ ಶತಮಾನದಲ್ಲಿ ಮನೆಯಲ್ಲಿ ಕೂತು ನಾಲ್ಕೈದು ಜನ ಹಾಡಿಕೊಳ್ಳಲು ಬರೆದ ಕವಿತೆ-ಸಂಗೀತ. ಸಭಿಕರಿಗಿಂತ ಹಾಡುವವರಿಗೇ ಜಾಸ್ತಿ ಮಜಾ. ಮಾತಿನ ಅರ್ಥವನ್ನು ಸ್ವರದಲ್ಲಿ ಚಿತ್ರ ಬಿಡಿಸಿ ತೋರಿಸುವುದು ಇದರ ಹುಚ್ಚು, ಅದಕ್ಕೆ ವರ್ಡ್ ಪೇಂಟಿಂಗ್ ಅಂತ ಹೆಸರು. ಇಂಗ್ಲೆಂಡಿಗೂ ಈ ಹುಚ್ಚು ಹತ್ತಿತು. 1601ರಲ್ಲಿ ಅಚ್ಚಾದ ಥಾಮಸ್ ವೀಲ್ಕ್ಸ್‌ನ ಒಂದು ಮ್ಯಾಡ್ರಿಗಲ್‌ನಲ್ಲಿ ಬೆಟ್ಟ ಇಳಿಯುವ ಮಾತು ಬಂದಾಗ ಸ್ವರ ಇಳಿಯುತ್ತದೆ, ಹತ್ತುವಾಗ ಏರುತ್ತದೆ. ಇಬ್ಬಿಬ್ಬರಾಗಿ ಅನ್ನುವಾಗ ಎರಡೇ ದನಿ, ಮೂವರು ಮೂವರಾಗಿ ಅನ್ನುವಾಗ ಮೂರು, ಎಲ್ಲ ಒಟ್ಟಿಗೆ ಅನ್ನುವಾಗ ಆರೂ ದನಿ, ಆಮೇಲೆ ದೇವಿ ಒಬ್ಬಳೇ ಉಳಿದಳು ಅನ್ನುವಾಗ ಒಂದೇ ದನಿ. ಮಗಳಿಗೆ ಇಡೀ ಪಟ್ಟಿಯಲ್ಲಿ ನೆನಪು ಉಳಿದದ್ದು ಇದೊಂದೇ.

ಬಾಸೊ ಕಂಟಿನ್ಯೂವೊ ಅಂದರೇನು? ಎಲ್ಲ ಪುಸ್ತಕದಲ್ಲೂ ಇದೆ, ಯಾರೂ ಸರಿಯಾಗಿ ಹೇಳುವುದಿಲ್ಲ.

ಇದು ಬರೋಕ್‌ನ ಬೆನ್ನೆಲುಬು. ಇದೊಂದು ಅರ್ಥವಾದರೆ ಅರ್ಧ ಬರೋಕ್ ಅರ್ಥವಾದ ಹಾಗೆ.

ರಿನೈಸಾನ್ಸ್‌ನಲ್ಲಿ ಎಲ್ಲ ದನಿಗಳೂ ಸಮ ಅಂದೆನಲ್ಲ, ಅದು 1600ರ ಹೊತ್ತಿಗೆ ಕೆಲವರಿಗೆ ಬೇಸರವಾಯಿತು. ಐದು ಜನ ಒಟ್ಟಿಗೆ ಒಂದು ದುಃಖ ಹೇಳುವುದು ಯಾವ ನ್ಯಾಯ? ಒಬ್ಬನೇ ಹಾಡಲಿ, ಮಾತು ಮುಟ್ಟಲಿ ಅಂದರು. ಹಾಗಾದರೆ ಅವನ ಕೆಳಗೆ ಆಸರೆಗೆ ಏನು? ಒಂದು ಮಂದ್ರ ರೇಖೆ, ಅದರ ಮೇಲೆ ತುಂಬಿಕೊಡುವ ಸ್ವರಗೊಂಚಲು. ಮಂದ್ರ ರೇಖೆಯನ್ನು ಸೆಲ್ಲೊ ಥರದ ವಾದ್ಯ ನುಡಿಸುತ್ತದೆ, ಗೊಂಚಲನ್ನು ಹಾರ್ಪ್ಸಿಕಾರ್ಡ್, ಆರ್ಗನ್ ಅಥವಾ ಉದ್ದ ಕುತ್ತಿಗೆಯ ತಂತಿವಾದ್ಯ ಥಿಯೋರ್ಬೊ ತುಂಬುತ್ತದೆ. ಹಾಡು ಮುಗಿಯುವವರೆಗೂ ಇದು ನಿಲ್ಲುವುದಿಲ್ಲ, ಅದಕ್ಕೇ ಕಂಟಿನ್ಯೂವೊ.

ಈಗ ಹಾರ್ಪ್ಸಿಕಾರ್ಡ್ ನುಡಿಸುವವರ ಮುಂದಿನ ಹಾಳೆ ಇಣುಕಿ ನೋಡಿ. ಬಲಗೈಗೆ ಏನೂ ಬರೆದಿಲ್ಲ! ಎಡಗೈಯ ಮಂದ್ರ ಸ್ವರಗಳಿವೆ, ಅವುಗಳ ಹತ್ತಿರ 6, 7, 4 ಅಂತ ಅಂಕಿಗಳಿವೆ. ಇದೇ ಫಿಗರ್ಡ್ ಬಾಸ್. ಸ ಬರೆದು ಅಂಕಿ ಹಾಕದಿದ್ದರೆ ಅದರ ಮೇಲೆ ಗ, ಪ ಸೇರಿಸಿ. ಸ ಬರೆದು 6 ಹಾಕಿದ್ದರೆ ಗ, ದ ಸೇರಿಸಿ, ಯಾಕೆಂದರೆ ಸ ದಿಂದ ಎಣಿಸಿದರೆ ದ ಆರನೆಯದು. ಯಾವ ಸ್ಥಾಯಿಯಲ್ಲಿ, ಒಟ್ಟಿಗೆ ಮೀಟಬೇಕೋ ಬಿಡಿಸಿ ಮೀಟಬೇಕೋ, ಎಷ್ಟು ಅಲಂಕಾರ, ಎಲ್ಲ ನುಡಿಸುವವರ ಮನೋಧರ್ಮ. ಪಾಶ್ಚಾತ್ಯ ಸಂಗೀತದಲ್ಲಿ ಎಲ್ಲ ಬರೆದದ್ದನ್ನೇ ನುಡಿಸುತ್ತಾರೆ ಅಂತ ಹೇಳುವವರಿಗೆ ಈ ಹಾಳೆಯೊಂದನ್ನು ತೋರಿಸಿ.

ಹಾರ್ಪ್ಸಿಕಾರ್ಡ್ ಅಂದರೆ ಹಳೇ ಪಿಯಾನೊ ಅಲ್ವಾ?

ಅಲ್ಲ. ಹಾರ್ಪ್ಸಿಕಾರ್ಡ್ ವೀಣೆಯ ಹಾಗೆ ತಂತಿ ಮೀಟುತ್ತದೆ, ಪಿಯಾನೊ ಸಂತೂರಿನ ಹಾಗೆ ತಂತಿಗೆ ಬಡಿಯುತ್ತದೆ. ಹಾರ್ಪ್ಸಿಕಾರ್ಡಿನ ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ. 1700ರ ಹೊತ್ತಿಗೆ ಫ್ಲಾರೆನ್ಸ್‌ನ ಕ್ರಿಸ್ಟೊಫೊರಿ ಸುತ್ತಿಗೆಯ ವಾದ್ಯ ಮಾಡಿದ್ದು ಈ ಕೊರತೆ ನೀಗಿಸಲಿಕ್ಕೇ.

ಒಪೆರಾ, ರೆಸಿಟಟಿವ್, ಆರಿಯಾ?

ಫ್ಲಾರೆನ್ಸ್‌ನಲ್ಲಿ ಕೌಂಟ್ ಬಾರ್ಡಿಯ ಮನೆಯಲ್ಲಿ ವಿದ್ವಾಂಸರು ಸೇರಿ ಹರಟುತ್ತಿದ್ದರು. ವಿಜ್ಞಾನಿ ಗೆಲಿಲಿಯೊನ ಅಪ್ಪ ವಿಂಚೆಂಜೊ ಕೂಡ ಅವರಲ್ಲೊಬ್ಬ. ಪ್ರಾಚೀನ ಗ್ರೀಕರು ನಾಟಕವನ್ನು ಹಾಡಿಯೇ ಆಡುತ್ತಿದ್ದರು ಅನ್ನುವುದು ಅವರ ನಂಬಿಕೆ. ಆ ವಾದದಿಂದ ಹುಟ್ಟಿದ್ದು ಒಪೆರಾ. ಪೇರಿ ಅನ್ನುವ ಸಂಗೀತಗಾರನ 'ದಾಫ್ನೆ' 1598ರ ಹೊತ್ತಿಗೆ ಬಂತು, ಅದರ ಸಂಗೀತ ಬಹುಪಾಲು ಕಳೆದುಹೋಗಿದೆ. 1600ರ 'ಯುರಿಡಿಚೆ' ಉಳಿದಿದೆ. 1607ರಲ್ಲಿ ಮಾಂಟುವಾದಲ್ಲಿ ಮಾಂಟೆವೆರ್ಡಿಯ 'ಓರ್ಫೆಯೊ' ಬಂದಾಗ ಇದು ವಿದ್ವಾಂಸರ ಆಟವಾಗಿ ಉಳಿಯಲಿಲ್ಲ. 1637ರಲ್ಲಿ ವೆನಿಸ್‌ನಲ್ಲಿ ದುಡ್ಡು ಕೊಟ್ಟರೆ ಯಾರು ಬೇಕಾದರೂ ಹೋಗಬಹುದಾದ ಒಪೆರಾ ಮನೆ ತೆರೆಯಿತು. ಅಲ್ಲಿಂದ ಇದು ವ್ಯಾಪಾರ.

ರೆಸಿಟಟಿವ್ ಅಂದರೆ ಮಾತಿನ ಓಟದಲ್ಲೇ ಹಾಡುವುದು. ನಮ್ಮಲ್ಲಿ ಗಮಕಿಗಳು ಕುಮಾರವ್ಯಾಸ ಓದುತ್ತಾರಲ್ಲ, ತಾಳವಿಲ್ಲ, ರಾಗ ಇದೆ, ಅರ್ಥ ಕೆಡದ ಹಾಗೆ ಸಾಗುತ್ತಾರೆ. ಮನಸ್ಸಿನಲ್ಲಿ ಅದನ್ನಿಟ್ಟುಕೊಂಡು ಕೇಳಿ. ಕಥೆ ಮುಂದೆ ಹೋಗುವುದು ಇದರಲ್ಲಿ. ಆರಿಯಾದಲ್ಲಿ ಕಥೆ ನಿಲ್ಲುತ್ತದೆ, ಪಾತ್ರ ಒಂದು ಭಾವ ಹಿಡಿದು ಹಾಡುತ್ತದೆ. ಡಾ ಕಾಪೊ ಆರಿಯಾ ಅಂದರೆ ಮೊದಲ ಭಾಗ, ನಡುವಿನ ಭಾಗ, ಮತ್ತೆ ಮೊದಲ ಭಾಗ. ಎರಡನೇ ಸಲ ಬಂದಾಗ ಹಾಡುಗಾರರು ಸಂಗತಿ ಹಾಕಬೇಕು. ಜನ ದುಡ್ಡು ಕೊಟ್ಟು ಬರುತ್ತಿದ್ದದ್ದು ಅದಕ್ಕೇ.

ಒರಟೋರಿಯೊ, ಕಾಂಟಾಟಾ ಬೇರೆ ಬೇರೆಯೇ?

ಒರಟೋರಿಯೊ ಅಂದರೆ ವೇಷ, ರಂಗಸಜ್ಜಿಕೆ ಇಲ್ಲದ, ಸಾಮಾನ್ಯವಾಗಿ ಬೈಬಲ್ ಕಥೆಯ ದೊಡ್ಡ ಕೃತಿ. ಹ್ಯಾಂಡೆಲ್‌ನ 'ಮೆಸ್ಸಾಯ' ಮೊದಲು ಹಾಡಿದ್ದು ಡಬ್ಲಿನ್‌ನಲ್ಲಿ, 1742ರ ಏಪ್ರಿಲ್ 13ರಂದು. ಕಾಂಟಾಟಾ ಅದರ ಚಿಕ್ಕ ತಂಗಿ. ಬಾಕ್‌ನವು ಸುಮಾರು 200 ಉಳಿದಿವೆ, ಹೆಚ್ಚಿನವು ಭಾನುವಾರದ ಚರ್ಚಿಗೆ. ಒಂದು ಮಾತ್ರ ಕಾಫಿಯ ಮೇಲಿದೆ. ಮಗಳು ದಿನಕ್ಕೆ ಮೂರು ಲೋಟ ಕಾಫಿ ಬಿಡಲ್ಲ ಅಂತಾಳೆ, ಅಪ್ಪ ಬಿಡಿಸಲು ಒದ್ದಾಡುತ್ತಾನೆ. ಬೆಂಗಳೂರಿನ ಯಾವ ಮನೆಯಲ್ಲಾದರೂ ನಡೆಯಬಹುದಾದ ಜಗಳ.

ಕಾನ್ಸರ್ಟೊ ಮತ್ತು ಕಾನ್ಸರ್ಟೊ ಗ್ರೊಸ್ಸೊ?

ಒಬ್ಬ ವಾದಕ ಒಂದು ಕಡೆ, ವಾದ್ಯವೃಂದ ಇನ್ನೊಂದು ಕಡೆ ಇದ್ದರೆ ಕಾನ್ಸರ್ಟೊ. ಒಬ್ಬನ ಬದಲು ಸಣ್ಣ ಗುಂಪಿದ್ದರೆ ಗ್ರೊಸ್ಸೊ. ಕೊರೆಲ್ಲಿ ಎರಡು ವಯೊಲಿನ್, ಒಂದು ಸೆಲ್ಲೊ ಇಟ್ಟುಕೊಂಡು ಬರೆದ 12 ಇವೆ, 1714ರಲ್ಲಿ ಅಚ್ಚಾದವು. ವೃಂದ ಮತ್ತೆ ಮತ್ತೆ ಹಿಂತಿರುಗಿ ನುಡಿಸುವ ಭಾಗಕ್ಕೆ ರಿಟೊರ್ನೆಲ್ಲೊ ಅನ್ನುತ್ತಾರೆ, ಪಲ್ಲವಿ ಅಂದುಕೊಳ್ಳಿ. ವಿವಾಲ್ಡಿಯ 'ನಾಲ್ಕು ಋತುಗಳು' (1725) ಇದಕ್ಕೆ ಸುಲಭದ ಉದಾಹರಣೆ. ವಸಂತದ ಎರಡನೇ ಭಾಗದಲ್ಲಿ ಕುರುಬ ಮಲಗಿದ್ದಾನೆ, ವಯೋಲಾ ಒಂದೇ ಸಮ ಎರಡೆರಡು ಪೆಟ್ಟು ನುಡಿಸುತ್ತದೆ. ಅದು ಬೊಗಳುವ ನಾಯಿ. ಸುಮ್ನೆ ಹೇಳುತ್ತಿಲ್ಲ, ಹಾಳೆಯಲ್ಲೇ ಬರೆದಿದೆ.

ಸೂಟ್?

ಕುಣಿತಗಳ ಸರಣಿ: ಆಲಮಾಂಡ್, ಕೊರಾಂಟ್, ಸಾರಾಬಾಂಡ್, ಜೀಗ್. ಬಾಕ್‌ನ ಕಾಲಕ್ಕೆ ಯಾರೂ ಇದಕ್ಕೆ ಕುಣಿಯುತ್ತಿರಲಿಲ್ಲ, ಹೆಸರು, ನಡಿಗೆ ಉಳಿದಿತ್ತು.

ಗ್ರೌಂಡ್ ಬಾಸ್ ಅಂದರೆ?

ಮಂದ್ರದಲ್ಲಿ ಒಂದೇ ಸಣ್ಣ ಸಾಲು ಮತ್ತೆ ಮತ್ತೆ ತಿರುಗುತ್ತಿರುತ್ತದೆ, ಮೇಲಿನ ಹಾಡು ಬದಲಾಗುತ್ತಾ ಹೋಗುತ್ತದೆ. ಪರ್ಸೆಲ್‌ನ 'ಡೈಡೊ ಮತ್ತು ಈನಿಯಸ್' ಒಪೆರಾದ ಕೊನೆಯಲ್ಲಿ ಡೈಡೊ ಸಾಯುವ ಮುಂಚೆ ಹಾಡುವ ಹಾಡು ಕೇಳಿ. ಮೊದಲು ಸೆಲ್ಲೊ ಒಂದೇ ಕೇಳುತ್ತದೆ. ಸ ದಿಂದ ಕೆಳಗಿನ ಪ ವರೆಗೆ ಒಂದೂ ಸ್ವರ ಬಿಡದೆ, ಅರ್ಧರ್ಧ ಮೆಟ್ಟಿಲು ಇಳಿಯುತ್ತದೆ. ಈ ಮಂದ್ರದ ಸಾಲು ಐದು ಆವರ್ತದಷ್ಟು ಉದ್ದ, ಹಾಡಿನ ಸಾಲು ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಅವಳು ವಾಕ್ಯದ ನಡುವೆ ಇರುವಾಗಲೇ ಕೆಳಗಿನ ಇಳಿತ ಮತ್ತೆ ಶುರುವಾಗಿರುತ್ತದೆ. ಅವಳು ತಡೆಯಲಾರಳು. ಹಾಡು ಮುಗಿದ ಮೇಲೂ ವಯೊಲಿನ್‌ಗಳು ಅದೇ ಇಳಿತ ಹಿಡಿದು ಇಳಿಯುತ್ತವೆ.

ಫ್ಯೂಗ್ ಕೇಳುವುದು ಹೇಗೆ? ನನಗೆ ಬರೀ ಗಿಜಿಗಿಜಿ ಅನ್ನಿಸುತ್ತದೆ.

ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಒಂದೇ ಸಣ್ಣ ಸಾಲನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿದು ನೇಯುವುದು ಫ್ಯೂಗ್. ಬಾಕ್ ಕೀಬೋರ್ಡಿಗೆ ಬರೆದ 'ವೆಲ್ ಟೆಂಪರ್ಡ್ ಕ್ಲೇವಿಯರ್' ಮೊದಲ ಪುಸ್ತಕದ ಮೊದಲ ಫ್ಯೂಗ್ ತಗೊಳ್ಳಿ. ಎರಡು ನಿಮಿಷದ ಆಚೀಚೆ, ನಾಲ್ಕು ದನಿ. ಮೊದಲು ಇದನ್ನು ಬಾಯಿಬಿಟ್ಟು ಹಾಡಿಕೊಳ್ಳಿ: ಸ ರಿ ಗ ಮ ಪ ಮ ಗ ದ ರಿ ಪ. ಇದು ಸಬ್ಜೆಕ್ಟ್‌ನ ತಲೆ. ಶಂಕರಾಭರಣವೇ, ಗಮಕ ಬೇಡ. ಈಗ ರೆಕಾರ್ಡಿಂಗ್ ಹಾಕಿ. ಒಂದು ದನಿ ಇದನ್ನು ಒಂಟಿಯಾಗಿ ಹೇಳುತ್ತದೆ. ಅದು ಮುಗಿಯುತ್ತಿದ್ದ ಹಾಗೆ ಮೇಲಿನ ದನಿ ಅದನ್ನೇ ಪ ದಿಂದ ಶುರು ಮಾಡುತ್ತದೆ, ಅದು ಆನ್ಸರ್. ಆಮೇಲೆ ಮೂರನೆಯದು ಮತ್ತೆ ಪ ದಿಂದ, ಕೊನೆಗೆ ಮಂದ್ರದ ದನಿ ಸ ದಿಂದ. ನಾಲ್ಕೂ ಬಂದ ಮೇಲೆ ಬಾಕ್ ಆಟ ಶುರು ಮಾಡುತ್ತಾನೆ: ಒಬ್ಬ ಮುಗಿಸುವ ಮೊದಲೇ ಇನ್ನೊಬ್ಬನನ್ನು ನುಗ್ಗಿಸುತ್ತಾನೆ. ಅದು ಸ್ಟ್ರೆಟ್ಟೊ.

ನೀವು ಮಾಡಬೇಕಾದ್ದು ಒಂದೇ, ಆ 'ಸ ರಿ ಗ ಮ' ಏರು ಎಲ್ಲಿ ಕೇಳಿದರೂ ಬೆರಳು ಎತ್ತುವುದು. ಉಳಿದದ್ದನ್ನು ಬಿಟ್ಟುಬಿಡಿ. ಮೂರನೇ ಸಲ ಕೇಳುವಾಗ ಗಿಜಿಗಿಜಿ ತಾನಾಗಿ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಎಲ್ಲರೂ ಕೊನೆಯವರೆಗೂ ಪಟ್ಟು ಬಿಡದೆ ಅದೇ ರೇಖೆ ಅನುಸರಿಸಿದರೆ ಅದು ಕ್ಯಾನನ್, ಫ್ಯೂಗ್ ಅಲ್ಲ.

'ವೆಲ್ ಟೆಂಪರ್ಡ್' ಅಂದರೆ ಈಗಿನ ಕೀಬೋರ್ಡ್ ಶ್ರುತಿಯೇ?

ಅಲ್ಲದಿರಬಹುದು ಅನ್ನುವವರೇ ಜಾಸ್ತಿ. ಶುದ್ಧ ಸ-ಪ ಅಂತರವನ್ನು ಹನ್ನೆರಡು ಸಲ ಜೋಡಿಸಿದರೆ ಏಳು ಸ್ಥಾಯಿಗೆ ಸರಿಯಾಗಿ ಕೂರಬೇಕು, ಆದರೆ ಅರೆಸ್ವರದ ಸುಮಾರು ಕಾಲು ಭಾಗ ಹೆಚ್ಚಾಗುತ್ತದೆ. ಪ್ರಕೃತಿಯ ಲೆಕ್ಕವೇ ಹಾಗೆ. ಆ ಹೆಚ್ಚಳವನ್ನು ಎಲ್ಲಿ ಬಚ್ಚಿಡುವುದು ಅನ್ನುವುದೇ ಟೆಂಪರಮೆಂಟ್. ಈಗಿನ ಕೀಬೋರ್ಡ್ ಹನ್ನೆರಡಕ್ಕೂ ಸಮವಾಗಿ ಹಂಚುತ್ತದೆ. ಬಾಕ್‌ನ ಕಾಲದಲ್ಲಿ ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಡಿಮೆ ಹಂಚುವ ರೀತಿಗಳಿದ್ದವು. ಎಲ್ಲ ಶ್ರುತಿಯಲ್ಲೂ ನುಡಿಸಬಹುದು, ಆದರೆ ಒಂದೊಂದಕ್ಕೂ ಒಂದೊಂದು ರುಚಿ. 1722ರ ಆ ಪುಸ್ತಕದಲ್ಲಿ 12 ಮೇಜರ್, 12 ಮೈನರ್, ಒಟ್ಟು 24 ಪ್ರೆಲ್ಯೂಡ್-ಫ್ಯೂಗ್ ಜೋಡಿ ಇರುವುದು ಅದಕ್ಕೇ.

ಅದೇ ಕೃತಿ ಒಂದು ರೆಕಾರ್ಡಿಂಗ್‌ನಲ್ಲಿ ಅರ್ಧ ಸ್ವರ ಕೆಳಗೆ ಕೇಳುತ್ತದೆ. ನನ್ನ ಕಿವಿ ಕೆಟ್ಟಿದೆಯಾ?

ಇಲ್ಲ, ಕಿವಿ ಚೆನ್ನಾಗಿದೆ. ಈಗಿನ ವಾದ್ಯವೃಂದಗಳು ಎ ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ಇಟ್ಟುಕೊಂಡರೆ, ಹಳೆಯ ವಾದ್ಯಗಳಲ್ಲಿ ನುಡಿಸುವವರು ಹೆಚ್ಚಾಗಿ 415ಕ್ಕೆ ಇಟ್ಟುಕೊಳ್ಳುತ್ತಾರೆ. 415 ಕೂಡ ಈಗಿನವರು ಮಾಡಿಕೊಂಡ ಒಪ್ಪಂದ. ಆಗ ಒಂದೊಂದು ಊರಿಗೆ ಒಂದೊಂದು ಶ್ರುತಿ ಇತ್ತು.

ಎಲ್ಲಿಂದ ಕೇಳಲು ಶುರು ಮಾಡಲಿ?

ಕಾಲಾನುಕ್ರಮದಲ್ಲಿ ಹೋಗಬೇಡಿ, ಚಾಂಟ್‌ನಲ್ಲೇ ನಿದ್ದೆ ಬರುತ್ತದೆ. ಮೊದಲು ಡೈಡೊ ಹಾಡು, ಆಮೇಲೆ ಪೆರೊಟಾನ್, ಆಮೇಲೆ ಥಾಮಸ್ ಟ್ಯಾಲಿಸ್‌ನ 'ಸ್ಪೆಮ್ ಇನ್ ಆಲಿಯಮ್'. ಇದು ಸುಮಾರು 1570ರದ್ದು, 40 ದನಿ, ಐದೈದು ಜನರ ಎಂಟು ತಂಡ. ಫೋನಿನ ಸ್ಪೀಕರ್‌ನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಳ್ಳಿ. ಒಂದು ದನಿಯಿಂದ ಶುರುವಾಗಿ ಹಾಡು ತಂಡದಿಂದ ತಂಡಕ್ಕೆ ಸರಿಯುತ್ತದೆ. ನಡುವೆ ಒಂದು ಕಡೆ ಎಲ್ಲರೂ ಒಮ್ಮೆಲೇ ನಿಲ್ಲುತ್ತಾರೆ, ಒಂದು ಉಸಿರಿನಷ್ಟು ಮೌನ, ಆಮೇಲೆ ನಲವತ್ತೂ ದನಿ ಒಟ್ಟಿಗೆ ಏಳುತ್ತವೆ. ಆ ಜಾಗ ಬರುವವರೆಗೆ ಯಾರಾದರೂ ಮಾತಾಡಿಸಿದರೆ ಕೈ ತೋರಿಸಿ ಸುಮ್ಮನಿರಲು ಹೇಳಿ.